ವೇಡಂತಾಂಗಲ್ ಕೆರೆಯ ಕೌಲು

ನಮಗೆ ಏರಿ ಎಂದರೆ ಕೆರೆಯ ಕಟ್ಟೆ. ತಮಿಳರಿಗೆ ಕೆರೆಯೇ ಏರಿ. ಚೆನ್ನೈಗೆ ಬಂದ ಹೊಸತರಲ್ಲಿ ವೇಡಂತಾಂಗಲ್ ಅಂದರೆ ದೊಡ್ಡ ಕಾಡು ಅಂದುಕೊಂಡಿದ್ದೆ. ಹೋಗಿ ನೋಡಿದರೆ ಮಣ್ಣಿನ ಕಟ್ಟೆ, ಅದರ ಹಿಂದೆ ಸುಮಾರು 30 ಹೆಕ್ಟೇರಿನ ಕೆರೆ. ಗದ್ದೆಗಳಿಗಾಗಿ ಕಟ್ಟಿದ್ದು. ಮಳೆಗಾಲ ಮುಗಿಯುವ ಹೊತ್ತಿಗೆ ನೀರಲ್ಲಿ ನಿಂತ ಮರಗಳ ತುಂಬ ಕೊಕ್ಕರೆ, ನೀರುಕಾಗೆಗಳ ಗೂಡು. ಅವುಗಳ ಹಿಕ್ಕೆ ಬಿದ್ದ ನೀರು ಗದ್ದೆಗೆ ಗೊಬ್ಬರ.

ಅದಕ್ಕೇ, ಬ್ರಿಟಿಷ್ ಸೈನಿಕರು ಹಕ್ಕಿಗಳಿಗೆ ಗುಂಡು ಹೊಡೆದಾಗ ಊರವರು ಚೆಂಗಲ್ಪಟ್ಟಿನ ಕಲೆಕ್ಟರ್ ಲಯೊನೆಲ್ ಪ್ಲೇಸ್‌ಗೆ ದೂರು ಕೊಟ್ಟರು. 1798ರಲ್ಲಿ ಹಕ್ಕಿ ಕಾಯುವ ಹಕ್ಕನ್ನು ಕೌಲಾಗಿ ಬರೆಸಿಕೊಂಡರು. 1858ರಲ್ಲಿ ಮತ್ತೆ ನವೀಕರಿಸಿಕೊಂಡರು. ಮ್ಯಾನೇಜರ್ ಬದಲಾದರೆ ಬಾಯಿಮಾತಿನ ಒಪ್ಪಿಗೆ ಏನಾಗುತ್ತದೆಂದು ನನಗೆ ಗೊತ್ತು. ಆ ರೈತರಿಗೂ ಗೊತ್ತಿದ್ದಿರಬೇಕು.

ಕೆರೆಯ ಸುತ್ತ 5 ಕಿ.ಮೀ. ಇರುವ ಅಭಯಾರಣ್ಯವನ್ನು 3ಕ್ಕೆ ಇಳಿಸುವ ಪ್ರಸ್ತಾವ ಬಂದದ್ದು 2020ರಲ್ಲಿ.