ಕಿಣ್ವ: ಹಿಟ್ಟಿನ ಪಾತ್ರೆಯಿಂದ ಕಣ್ಣೀರಿಗೆ

ರಾತ್ರಿ ಕಡೆದಿಟ್ಟ ಉದ್ದಿನ ಹಿಟ್ಟು ಬೆಳಗ್ಗೆ ಉಬ್ಬಿದ್ದರೆ ಪೆರ್ಡೂರಿನ ಕಡೆ ‘ಹಿಟ್ಟು ಹುಳಿ ಬಂದಿದೆ’ ಎನ್ನುತ್ತಾರೆ. ಹುಳಿ ಬಂದದ್ದು ಮೂಗಿಗೆ ತಿಳಿಯುತ್ತದೆ, ಬರಿಸಿದ್ದು ಯಾವುದು ಎಂಬುದು ಕಣ್ಣಿಗೆ ಬೀಳುವುದಿಲ್ಲ. ಆ ಕಾಣದ ಕರ್ತೃವಿಗೆ ಇಟ್ಟ ಬಹಳ ಹಳೆಯ ಹೆಸರು ಕಿಣ್ವ.

ಶಾಲೆಯ ವಿಜ್ಞಾನ ಪುಸ್ತಕಕ್ಕೆಂದು ಕಟ್ಟಿದ ಪದವಲ್ಲ ಅದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಸುರೆಯ ಅಧ್ಯಾಯದಲ್ಲಿ, ಕಿಣ್ವ ಮಾಡುವ ಕ್ರಮವಿದೆ. ಉದ್ದು, ಅದಕ್ಕಿಂತ ಹೆಚ್ಚು ಅಕ್ಕಿ, ಒಂದಿಷ್ಟು ಬೇರು ನಾರು. ನಮ್ಮ ದೋಸೆಯ ಸಾಮಾನೇ! ದೇಹದಾಚೆ ಆತ್ಮವಿಲ್ಲ ಎಂದ ಚಾರ್ವಾಕರಿಗೆ ಇದೇ ಪದ ವಾದದ ಆಯುಧವಾಯಿತು: ಕಿಣ್ವ ಮುಂತಾದವು ಸೇರಿದಾಗ ಮತ್ತು ಹುಟ್ಟುವ ಹಾಗೆ, ಮಣ್ಣು, ನೀರು ಮುಂತಾದ ಭೂತಗಳು ಸೇರಿದಾಗ ಚೈತನ್ಯ ಹುಟ್ಟುತ್ತದೆ ಎಂದರು. ಈ ವಾದವನ್ನು ನಮಗಾಗಿ ಉಳಿಸಿಕೊಟ್ಟ ಗ್ರಂಥಗಳಲ್ಲೊಂದು 14ನೇ ಶತಮಾನದ ವಿಜಯನಗರದಲ್ಲಿ ಮಾಧವಾಚಾರ್ಯರು ಬರೆದ ಸರ್ವದರ್ಶನಸಂಗ್ರಹ. ತಾನು ಮತ್ತಲ್ಲ, ಮತ್ತು ಬರಿಸುವಂಥದ್ದು: ಕಿಣ್ವದ ಈ ಅರ್ಥ ನನಗೆ ಬಹಳ ಮುಖ್ಯ. ಎಂಜೈಮಿಗೆ ಕನ್ನಡದಲ್ಲಿ ಇದಕ್ಕಿಂತ ತಕ್ಕ ಪದ ಸಿಗುತ್ತಿರಲಿಲ್ಲ.

ಎಂಜೈಮ್ ಕೂಡ ಬಂದದ್ದು ಅಡುಗೆಮನೆಯಿಂದಲೇ. ಗ್ರೀಕಿನ ‘ಜೂಮೆ’ ಎಂದರೆ ರೊಟ್ಟಿಯ ಹಿಟ್ಟನ್ನು ಉಬ್ಬಿಸುವ ಹುಳಿ. ಭಾಷಾವಿದರು ಅದನ್ನು ಸಂಸ್ಕೃತದ ‘ಯೂಷ’ದ, ಅಂದರೆ ಬೇಳೆಕಟ್ಟು, ಸಾರಿನ ಬಳಗಕ್ಕೆ ಸೇರಿಸುತ್ತಾರೆ. 1870ರ ದಶಕದಲ್ಲಿ ಜರ್ಮನಿಯ ವಿಲ್‌ಹೆಲ್ಮ್ ಕ್ಯೂನೆ, ಜೀವಕೋಶದ ಹೊರಗೂ ಕೆಲಸ ಮಾಡಬಲ್ಲ ದ್ರವ್ಯಗಳಿಗೆ ಎಂಜೈಮ್ ಎಂದು ಹೆಸರಿಟ್ಟ.

ಅಂಥದೊಂದು ಕಿಣ್ವ ನಮ್ಮ ಕಣ್ಣೀರಿನಲ್ಲೂ ಇದೆ. 1921ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ತನ್ನ ಶೀತದ ಸಿಂಬಳವನ್ನೇ ಪರೀಕ್ಷಿಸಿದಾಗ, ಅದು ತಾಗಿದಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ಕರಗಿಹೋಯಿತು. ಕಣ್ಣೀರು, ಜೊಲ್ಲು, ಎದೆಹಾಲು, ಮೊಟ್ಟೆಯ ಬಿಳಿ ಲೋಳೆ, ಎಲ್ಲದರಲ್ಲೂ ಆ ಶಕ್ತಿಯಿತ್ತು. ಗ್ರೀಕ್ ಹೆಸರುಗಳ ವ್ಯಾಮೋಹಿಯಾಗಿದ್ದ ಹಿರಿಯ ಸಹೋದ್ಯೋಗಿ ಆಲ್ಮ್ರೋತ್ ರೈಟ್ ಅದನ್ನು ಲೈಸೋಜೈಮ್ ಎಂದು ಕರೆದರು. ‘ಲೈಸೋ’ ಎಂದರೆ ಬಿಚ್ಚುವುದು, ಸಡಿಲಿಸುವುದು. ಸಂಸ್ಕೃತದ ‘ಲೂನ’ (ಕೊಯ್ದದ್ದು), ‘ಲವಿತ್ರ’ (ಕುಡುಗೋಲು) ಅದರ ನೆಂಟರು. ಈ ಕಿಣ್ವ ಮಾಡುವುದೂ ಕೊಯ್ಯುವ ಕೆಲಸವೇ. ಬ್ಯಾಕ್ಟೀರಿಯಾದ ಕೋಶಭಿತ್ತಿ ಸಕ್ಕರೆಯ ಸರಪಣಿಗಳಿಂದ ಹೆಣೆದದ್ದು. ಅದರ ಕೊಂಡಿಗಳನ್ನು ಲೈಸೋಜೈಮ್ ಕತ್ತರಿಸುತ್ತದೆ. ಗೋಡೆ ಸಡಿಲವಾದೊಡನೆ ನೀರು ಒಳನುಗ್ಗಿ ಕೋಶ ಒಡೆಯುತ್ತದೆ.

ಕೋಳಿಮೊಟ್ಟೆಯಲ್ಲಿ 129 ಅಮೈನೋ ಆಮ್ಲಗಳಿರುವ ಈ ಸಣ್ಣ ಪ್ರೋಟೀನಿನ ಆಕಾರವನ್ನು 1965ರಲ್ಲಿ ಡೇವಿಡ್ ಫಿಲಿಪ್ಸ್ ತಂಡ ಕ್ಷಕಿರಣದಿಂದ ಬಿಡಿಸಿತು. ಕಿಣ್ವವೊಂದರ ಆಕಾರ ಹಾಗೆ ತಿಳಿದದ್ದು ಅದೇ ಮೊದಲು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್ ತಂಡ ಮೊಟ್ಟೆಯ ಲೈಸೋಜೈಮಿನ ಹರಳುಗಳಿಂದ ತೇವವನ್ನು ಸ್ವಲ್ಪ ಸ್ವಲ್ಪವೇ ಇಳಿಸಿ ನೋಡಿತು. ನೀರು ಕಳೆದುಕೊಂಡಾಗ ಅಣುವಿನಲ್ಲಾಗುವ ಬದಲಾವಣೆ, ಅದು ಕೆಲಸದಲ್ಲಿ ತೊಡಗಿದಾಗ ಆಗುವ ಬದಲಾವಣೆಯನ್ನೇ ಹೋಲುತ್ತಿತ್ತು.