ಮಂಜಿನ ನಾಡಿನವರು ಮತ್ತು ಬಂಗಡೆಯ ಐಸು

ಅಂಕೋಲೆಯಲ್ಲಿ ‘ಮಂಜು’ ಎಂದರೆ ಚಳಿಗಾಲದ ಬೆಳಿಗ್ಗೆ ಗದ್ದೆಯ ಮೇಲೆ ಕವಿದು, ಬಿಸಿಲೇರುತ್ತಲೇ ಕರಗುವಂಥದು. ನಾರ್ವೆಯ ಹಿಮಕ್ಕೂ ಕನ್ನಡದಲ್ಲಿ ಅದೇ ಹೆಸರು. ಹಾಗಾಗಿ ಆ ದೇಶವನ್ನು ಕಡಲತಡಿಯಲ್ಲಿ ಕುಳಿತು ಊಹಿಸಿದರೆ ಚಿತ್ರ ತಮಾಷೆಯಾಗಿಯೇ ಮೂಡುತ್ತದೆ: ಸಮುದ್ರವೆಲ್ಲ ಕಲ್ಲಾಗಿದೆ, ಮೀನುಗಾರ ಇಲ್ಲಿನ ಆಷಾಢದಂತೆ ಬಾಗಿಲಿಕ್ಕಿ ಕುಳಿತಿದ್ದಾನೆ, ಐಸು ಬೇಕಾದರೆ ಅಂಗಳದಿಂದ ಬುಟ್ಟಿ ತುಂಬಿಕೊಂಡರಾಯಿತು!

ಸಂಗತಿ ಬೇರೆಯೇ ಇದೆ. ಅಟ್ಲಾಂಟಿಕ್ಕಿನ ಬೆಚ್ಚನೆಯ ಪ್ರವಾಹದಿಂದಾಗಿ ನಾರ್ವೆಯ ಪಶ್ಚಿಮ ತೀರದ ಕಡಲು ಹೆಪ್ಪುಗಟ್ಟುವುದಿಲ್ಲ. ಲೋಫೋಟೆನ್ ದ್ವೀಪಗಳಲ್ಲಿ ಕಾಡ್ ಮೀನಿನ ಸುಗ್ಗಿಯೇ ಜನವರಿಯಿಂದ ಏಪ್ರಿಲ್‌ವರೆಗೆ. ಆ ಮೀನನ್ನು ಶತಮಾನಗಳಿಂದ ಕಾಪಾಡಿದ್ದು ಐಸಲ್ಲ, ಗಾಳಿ. ಮರದ ಚೌಕಟ್ಟಿಗೆ ತೂಗುಹಾಕಿದರೆ ಉಪ್ಪಿನ ಹರಳೂ ಸೋಕದೆ ಒಣಗುತ್ತದೆ. ಚಳಿಗೆ ನೊಣವೂ ಏಳದು.

ಕಾರವಾರದ ಸೆಕೆಯಲ್ಲಿ ಆ ಉಪಾಯ ನಡೆಯುವುದುಂಟೆ? ರಂಪಣಿ ಬಲೆಗೆ ರಾಶಿ ಬಂಗಡೆ ಬಿದ್ದ ದಿನ ಅಂದೇ ಮಾರಬೇಕು, ಇಲ್ಲವೇ ಉಪ್ಪಿಗೆ ಹಾಕಬೇಕು. ಮಿಕ್ಕದ್ದು ತೆಂಗಿನ ಬುಡಕ್ಕೆ ಗೊಬ್ಬರ.

1952ರ ಒಪ್ಪಂದದಂತೆ ನಾರ್ವೆಯವರು ಕೇರಳದ ಕೊಲ್ಲಂ ಬಳಿ ಆರಂಭಿಸಿದ ಮೀನುಗಾರಿಕೆ ಯೋಜನೆ 60ರ ದಶಕದಲ್ಲಿ ಕಾರವಾರಕ್ಕೂ ಬಂತು. ಯಂತ್ರದ ದೋಣಿ, ಐಸು, ಶೈತ್ಯಾಗಾರ ಇವೇ ಅದರ ಬಂಡವಾಳ. 1972ರಲ್ಲಿ ಅದನ್ನು ಭಾರತ ಸರ್ಕಾರ ವಹಿಸಿಕೊಂಡಿತು. ಹಿಮದ ದೇಶದವರು ತಂದ ಐಸು ಯಂತ್ರದಲ್ಲಿ ತಯಾರಾದದ್ದು ಎಂಬುದೇ ಒಂದು ವಿನೋದ.

ಐಸು ಸಿಕ್ಕ ಮೇಲೆ ಬಂಗಡೆ ಪೆಟ್ಟಿಗೆ ಸೇರಿ, ಲಾರಿಯೇರಿ ಘಟ್ಟ ಹತ್ತಿತು. ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುತ್ತಿದ್ದ ಹೆಂಗಸರು ಧಕ್ಕೆಯ ಹರಾಜಿನಲ್ಲಿ ದೂರದೂರಿನ ವ್ಯಾಪಾರಿಯ ಎದುರು ನಿಂತು ಬೆಲೆ ಕೂಗಬೇಕಾಯಿತು.