ಸಂಘ ಕಟ್ಟಿದ ವಿದ್ಯಾರ್ಥಿಗಳು

ಕೊಪ್ಪದ ಕಡೆಯವರು ಇಬ್ಬರು ಮಾತಿಗೆ ನಿಂತರೆ, ಅಡಕೆಯ ಧಾರಣೆ ಮುಗಿದ ಮೇಲೆ ಮಕ್ಕಳ ಓದಿನ ವಿಷಯ ಬಂದೇ ಬರುತ್ತದೆ. ಯಾರ ಮಗಳು ಶಂಕರಘಟ್ಟದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ, ಯಾರ ಮಗ ಮಾನಸಗಂಗೋತ್ರಿಯಲ್ಲಿ ಸಂಶೋಧನೆಗೆ ಸೇರಿದ್ದಾನೆ, ಎಷ್ಟು ಅಂಕ, ಎಷ್ಟು ವಿದ್ಯಾರ್ಥಿವೇತನ, ಇವೆಲ್ಲದರ ಲೆಕ್ಕ ನಮ್ಮವರ ನಾಲಗೆಯ ತುದಿಯಲ್ಲಿರುತ್ತದೆ. ಆ ಹುಡುಗ ಹುಡುಗಿಯರು ಅಲ್ಲಿ ಯಾವ ಸಂಘದಲ್ಲಿದ್ದಾರೆ, ಆ ಸಂಘ ಏನು ಮಾಡುತ್ತದೆ ಎಂದು ಕೇಳಿದವರನ್ನು ಮಾತ್ರ ನಾನು ಕಂಡಿಲ್ಲ. ಸಂಘವೆಂದರೆ ಓದು ಕೆಡಿಸುವ ಗಲಾಟೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ನಮ್ಮ ಈ ಮೂರು ತಾಲ್ಲೂಕುಗಳ ಇತಿಹಾಸವೇ ಬೇರೆ ಮಾತು ಹೇಳುತ್ತದೆ.

ವಿಶ್ವವಿದ್ಯಾನಿಲಯವೆಂಬುದೇ ಮೊದಲು ಒಂದು ಸಂಘವಾಗಿತ್ತು. ಇಟಲಿಯ ಬೊಲೋನ್ಯ ನಗರದಲ್ಲಿ ಮಧ್ಯಯುಗದಲ್ಲಿ ದೂರದಿಂದ ನ್ಯಾಯಶಾಸ್ತ್ರ ಓದಲು ಬಂದ ವಿದ್ಯಾರ್ಥಿಗಳು ಒಂದು ಕೂಟ ಕಟ್ಟಿಕೊಂಡು, ತಮ್ಮೊಳಗೇ ಒಬ್ಬನನ್ನು ಮುಖ್ಯಸ್ಥನನ್ನಾಗಿ ಆರಿಸಿದರು. ಗುರುಗಳಿಗೆ ಸಂಬಳ ಕೊಟ್ಟವರೂ ಅವರೇ, ತಡವಾಗಿ ಪಾಠಕ್ಕೆ ಬಂದ ಗುರುವಿಗೆ ದಂಡ ಹಾಕಿದವರೂ ಅವರೇ. ನಮ್ಮ ಅಧ್ಯಾಪಕ ಮಿತ್ರರು ಈ ಸಾಲನ್ನು ಓದಿ ಬೆವರಬೇಕಾಗಿಲ್ಲ. ಆ ಕಾಲ ಹೋಯಿತು.

ನಮ್ಮ ಶೃಂಗೇರಿಯ ರೀತಿ ಇದಕ್ಕೆ ತೀರ ವಿರುದ್ಧ. ಅಲ್ಲಿ ಗುರುವಿನ ಮಾತು ಮೇಲು. ಆದರೂ ಭಾದ್ರಪದದ ಗಣಪತಿ ಹಬ್ಬದ ದಿನಗಳಲ್ಲಿ ನಡೆಯುವ ವಾಕ್ಯಾರ್ಥ ಸಭೆಯಲ್ಲಿ, ತರ್ಕವನ್ನೋ ವ್ಯಾಕರಣವನ್ನೋ ಓದಿದವನು ಒಂದು ಪಕ್ಷವನ್ನು ಹಿಡಿದು, ಎದ್ದ ಆಕ್ಷೇಪಗಳಿಗೆ ಎಲ್ಲರೆದುರು ಉತ್ತರ ಕೊಡಬೇಕು. ಪರೀಕ್ಷೆಯ ಕಾಗದದಲ್ಲಿ ಗೆದ್ದರೆ ಸಾಲದು. ಓದಿದವರು ಸಭೆ ಸೇರಿದಾಗಲೇ ಓದು ಪಕ್ವವಾಗುತ್ತದೆಂಬ ತಿಳಿವಳಿಕೆ ತುಂಗೆಯ ದಡದಲ್ಲಿ ಹೊಸದಲ್ಲ. 1992ರಲ್ಲಿ ಅಲ್ಲಿಗೆ ರಾಷ್ಟ್ರೀಯ ಸಂಸ್ಕೃತ ಸಂಸ್ಥಾನದ ಆವರಣ ಬಂದಾಗ ಅದು ಬರಿಯ ನೆಲಕ್ಕೆ ಬರಲಿಲ್ಲ. 2020ರಿಂದ ಅದು ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ಆವರಣ.

ಇನ್ನು ಇಂಗ್ಲಿಷ್ ವಿದ್ಯೆಯ ಕಡೆಗೆ ಬರೋಣ. ಎಡೇಹಳ್ಳಿ ಎಂಬ ಊರು 1915ರಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಬಂದುಹೋದ ಮೇಲೆ ನರಸಿಂಹರಾಜಪುರವಾಯಿತು. ಮರುವರ್ಷ, 1916ರ ಜುಲೈ 27ರಂದು, ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ಅದರ ಮೊದಲ ಸಹಕುಲಾಧಿಪತಿಗಳು ಇದೇ ಯುವರಾಜರು. ಹೆಸರಿನ ಈ ನಂಟು ಹತ್ತಿರದ್ದು, ದಾರಿ ಮಾತ್ರ ದೂರದ್ದು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಆ ಕಾಲದಲ್ಲಿ ಬಂದ ಕಿರಿದಾದ ಹಳಿಯ ರೈಲು ಕಾಡಿನ ಮರಮುಟ್ಟನ್ನು ಹೊರಗೆ ಸಾಗಿಸಿತು. ಕಾಲೇಜು ಬೇಕೆಂದ ಮಲೆನಾಡಿನ ಹುಡುಗ ಊರು ಬಿಟ್ಟು ಮೈಸೂರಿಗೋ ಬೆಂಗಳೂರಿಗೋ ಹೋಗಿ ನಿಲ್ಲಬೇಕಾಗಿತ್ತು. ಶಿವಮೊಗ್ಗದಲ್ಲಿ ಸಹ್ಯಾದ್ರಿ ಕಾಲೇಜು ತೆರೆದದ್ದು 1940ರಲ್ಲಿ.

ಹಾಗೆ ಹೋದವನಿಗೆ ಅಲ್ಲಿ ಎದುರಾದದ್ದು ಇಂಗ್ಲಿಷು. ಕನ್ನಡನಾಡಿನ ದೊರೆ ಕಟ್ಟಿಸಿದ ವಿಶ್ವವಿದ್ಯಾನಿಲಯವಾದರೂ ಪಾಠವೆಲ್ಲ ಇಂಗ್ಲಿಷಿನಲ್ಲಿ. ಕನ್ನಡಕ್ಕೆ ಒಂದು ಮೂಲೆ. ಈ ಕೊರತೆಯನ್ನು ಮೊದಲು ತುಂಬಹೊರಟದ್ದು ಸೆನೆಟ್ಟಲ್ಲ, ಸಿಂಡಿಕೇಟಲ್ಲ, ಕಾಲೇಜಿನೊಳಗಿನ ಸಂಘಗಳು. 1918-19ರ ಸುಮಾರಿನಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಕರ್ನಾಟಕ ಸಂಘವನ್ನು ಕಟ್ಟಿ, ‘ಪ್ರಬುದ್ಧ ಕರ್ನಾಟಕ’ವೆಂಬ ತ್ರೈಮಾಸಿಕವನ್ನು ಹೊರಡಿಸಿದರು. ಮಹಾರಾಜಾ ಕಾಲೇಜಿನಲ್ಲಿಯೂ ಕರ್ನಾಟಕ ಸಂಘ ಬೆಳೆಯಿತು. ಮೈಸೂರಿನ ಸಂಘದವರು ಹೊಸ ಕವಿಗಳ ಪದ್ಯಗಳನ್ನು ಕೂಡಿಸಿ ‘ಕಿರಿಯ ಕಾಣಿಕೆ’, ‘ತಳಿರು’ ಎಂಬ ಸಂಗ್ರಹಗಳನ್ನು ತಂದರು. ಗುರುಗಳು ಮುಂದೆ ನಿಂತರು, ನಿಜ. ಆದರೆ ಪದ್ಯ ಬರೆದು ತಂದವರು, ಓದಿ ವಾದಿಸಿದವರು, ಚಂದಾ ಎತ್ತಿದವರು ವಿದ್ಯಾರ್ಥಿಗಳು. ಮುಂದೆ ಜಿ.ಪಿ. ರಾಜರತ್ನಂ ಅವರು ಸೆಂಟ್ರಲ್ ಕಾಲೇಜಿನ ಸಂಘದ ಪುಸ್ತಕಗಳನ್ನು ತಾವೇ ಹೊತ್ತು ಮಾರಿದ್ದನ್ನು ಕನ್ನಡಿಗರು ಮರೆತಿಲ್ಲ. ಪುಸ್ತಕ ಮಾರುವುದು ಪಂಡಿತರಿಗೆ ಹೀನವೆಂದು ಅವರು ಎಣಿಸಲಿಲ್ಲ.

ಇಷ್ಟಕ್ಕೆ ಆ ಸಂಘಗಳಿಗೆ ಇದ್ದ ಅಧಿಕಾರವೇನು? ಏನೂ ಇಲ್ಲ. ವಿಶ್ವವಿದ್ಯಾನಿಲಯದ ಕಾನೂನಿನಲ್ಲಿ ಅವಕ್ಕೆ ಒಂದು ಕುರ್ಚಿಯೂ ಇರಲಿಲ್ಲ. ಆದರೂ ಕನ್ನಡದಲ್ಲಿ ಮೇಲುಮಟ್ಟದ ಓದು ಸಾಧ್ಯವೆಂಬುದನ್ನು ಅವು ಮಾಡಿ ತೋರಿಸಿದವು. 1920ರ ದಶಕ ಮುಗಿಯುವುದರೊಳಗೆ ಕನ್ನಡ ಎಂ.ಎ. ತರಗತಿ ಬಂತು. ಸಂಘದ ತ್ರೈಮಾಸಿಕವನ್ನು ಮುಂದೆ ವಿಶ್ವವಿದ್ಯಾನಿಲಯವೇ ತನ್ನದೆಂದು ತೆಗೆದುಕೊಂಡಿತು.

ಆ ಎಂ.ಎ.ಯನ್ನು 1929ರಲ್ಲಿ ಮುಗಿಸಿದವರಲ್ಲಿ ಒಬ್ಬರು ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ, 1904ರ ಡಿಸೆಂಬರ್ 29ರಂದು ಹುಟ್ಟಿದವರು. ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಅವರು ಯಾರವರೆಂದು ಎರಡು ತಾಲ್ಲೂಕಿನವರೂ ಜಗಳವಾಡಬಹುದು, ನಾನು ಕೊಪ್ಪದ ಕಡೆ. ಕುವೆಂಪು ಅವರು ಮೈಸೂರಿಗೆ ಬಂದಾಗ ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದ ತರುಣ. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರು ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದು ಬುದ್ಧಿ ಹೇಳಿದ ಕಥೆ ಎಲ್ಲರಿಗೂ ಗೊತ್ತು. ಆದರೆ ಬರೆದದ್ದನ್ನು ಕೇಳುವ ಕಿವಿ ಬೇಡವೇ? ಅಚ್ಚು ಹಾಕುವ ಕೈ ಬೇಡವೇ? ಕಸಿನ್ಸರ ಒಂದು ಮಾತಿಗೆ ನಾವು ಕೊಡುವ ಮರ್ಯಾದೆಯಲ್ಲಿ ಕಾಲುಭಾಗವನ್ನಾದರೂ ಸಂಘಕ್ಕೂ ಗುರು ವೆಂಕಣ್ಣಯ್ಯನವರಿಗೂ ಕೊಡಬೇಕು. ‘ಶ್ರೀ ರಾಮಾಯಣ ದರ್ಶನಂ’ ಕಾವ್ಯ ಅರ್ಪಿತವಾಗಿರುವುದು ಟಿ.ಎಸ್. ವೆಂಕಣ್ಣಯ್ಯನವರಿಗೇ.

1956ರಲ್ಲಿ ಈ ವಿದ್ಯಾರ್ಥಿಯೇ ಉಪಕುಲಪತಿಯಾದರು. (ಇಂದಿನ ಕುಲಪತಿ ಪದವಿಗೆ ಆಗ ಇದ್ದ ಹೆಸರು ಇದು.) 1960ರಲ್ಲಿ, ಅವರ ಅವಧಿ ಮುಗಿಯುವ ವರ್ಷ, ಸ್ನಾತಕೋತ್ತರ ವಿಭಾಗಗಳಿಗಾಗಿ ಬೇರೆಯೇ ಆವರಣ ಎದ್ದಿತು. ಅದಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರೂ ಅವರೇ. 1966ರಲ್ಲಿ ಅಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಬಂತು. ಸಂಘದ ಕೊಠಡಿಯಲ್ಲಿ ಸಂಜೆಯ ಹೊತ್ತು ನಡೆಯುತ್ತಿದ್ದ ಕೆಲಸ ಈಗ ಸಂಬಳ, ಕಟ್ಟಡ, ಗ್ರಂಥಾಲಯಗಳೊಂದಿಗೆ ಹಗಲಿನಲ್ಲಿ ನಡೆಯತೊಡಗಿತು.

ಇದು ಗೆಲುವೇ. ಆದರೆ ನನಗೆ ತೋರುವ ಮಟ್ಟಿಗೆ, ಗೆಲುವಿನ ಜೊತೆಗೆ ಒಂದು ನಷ್ಟವೂ ಬಂತು. ಕೆಲಸವೆಲ್ಲ ವಿಭಾಗದ್ದಾದ ಮೇಲೆ ಸಂಘಕ್ಕೆ ಉಳಿದದ್ದು ಚುನಾವಣೆ. ಚುನಾವಣೆಯಲ್ಲಿ ಹೊರಗಿನ ಪಕ್ಷಗಳ ಕೈ, ಹೊಡೆದಾಟ. ಕೊನೆಗೆ 1989ರ ಸುಮಾರಿಗೆ ಸರ್ಕಾರ ರಾಜ್ಯದಲ್ಲಿ ವಿದ್ಯಾರ್ಥಿ ಸಂಘಗಳ ಚುನಾವಣೆಯನ್ನೇ ನಿಲ್ಲಿಸಿತು. ಅಂಕ ನೋಡಿ ಪ್ರತಿನಿಧಿಗಳನ್ನು ಹೆಸರಿಸುವ ಪದ್ಧತಿ ಬಂತು. ಚುನಾವಣೆ ಮರಳಿ ಬರಬೇಕೆಂಬವರಿದ್ದಾರೆ, ಬೇಡವೆಂಬವರಿದ್ದಾರೆ. ಬರಲಿ ಎಂಬವರಲ್ಲಿ ನಾನೂ ಒಬ್ಬ. ಮತ ಹಾಕುವ ವಯಸ್ಸಿನವರಿಗೆ ತಮ್ಮ ಹಾಸ್ಟೆಲಿನ ಅನ್ನದ ವಿಷಯದಲ್ಲಿ ಮತವಿಲ್ಲವೆಂದರೆ ಅದು ನಗೆಪಾಟಲು. ಆದರೆ ಆರಿಸಿ ಬಂದವರು ಏನು ಮಾಡುತ್ತಾರೆ ಎಂಬ ಪ್ರಶ್ನೆಗೆ ಮತಪೆಟ್ಟಿಗೆ ಉತ್ತರ ಹೇಳದು. ಬೆಂಗಳೂರಿನ ಕ್ರೈಸ್ಟ್ ಕಾಲೇಜಿನಲ್ಲಿ 1972ರಲ್ಲಿ ಶುರುವಾದ ಕನ್ನಡ ಸಂಘ, ಚಿ. ಶ್ರೀನಿವಾಸರಾಜು ಅವರ ಕೈಯಲ್ಲಿ, ವಿದ್ಯಾರ್ಥಿಗಳ ಬರಹವನ್ನು ಪುಸ್ತಕ ಮಾಡುತ್ತ ಹೆಸರಾಯಿತು. ಅದಕ್ಕೆ ಯಾವ ಚುನಾವಣೆಯೂ ಬೇಕಾಗಲಿಲ್ಲ.

ನಮ್ಮ ಮೂರು ತಾಲ್ಲೂಕುಗಳ ಮಕ್ಕಳಿಗೆ ಈಗ ಮೈಸೂರು ದೂರವೆಂಬ ನೆಪವಿಲ್ಲ. ಶಂಕರಘಟ್ಟದಲ್ಲಿ ಮೊದಲಿದ್ದ ಮೈಸೂರಿನ ಸ್ನಾತಕೋತ್ತರ ಕೇಂದ್ರ 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯವಾಯಿತು. ಹೆಸರಿನ ಒಡೆಯರು ಆಗ ಇನ್ನೂ ಬದುಕಿದ್ದರು. ಆ ಜ್ಞಾನ ಸಹ್ಯಾದ್ರಿ ಆವರಣ ಇರುವುದು ಭದ್ರಾ ಅಣೆಕಟ್ಟಿಗೆ ಹತ್ತಿರ. ಅದೇ ನೀರು ಹಿಂದಕ್ಕೆ ಹಿಂದಕ್ಕೆ ಚಾಚಿ ನರಸಿಂಹರಾಜಪುರದ ಬಳಿಗೆ ಬರುತ್ತದೆ. ಅದರ ಅಡಿಯಲ್ಲಿ ಗದ್ದೆ, ತೋಟ, ದೇವರ ಗುಡಿ, ಸ್ಮಶಾನಗಳೊಂದಿಗೆ ಹಳ್ಳಿಗಳಿವೆ. ಯಾವ ಹಳ್ಳಿಯ ಯಾವ ಮನೆಯವರು ಎಲ್ಲಿಗೆ ಹೋಗಿ ನೆಲೆ ನಿಂತರು, ಯಾವ ಕೆರೆಗೆ ಯಾವ ಹೆಸರಿತ್ತು ಎಂಬುದನ್ನು ಊರೂರು ತಿರುಗಿ ಕೇಳಿ ಬರೆದುಕೊಂಡು, ವರ್ಷಕ್ಕೊಂದು ಸಣ್ಣ ಪುಸ್ತಕ ತರುವುದು ಒಂದು ಸ್ನಾತಕೋತ್ತರ ವಿದ್ಯಾರ್ಥಿಗಳ ಸಂಘಕ್ಕೆ ತಕ್ಕ ಕೆಲಸ. ಸಿಂಡಿಕೇಟಿನ ಅಪ್ಪಣೆ ಇದಕ್ಕೆ ಬೇಕಿಲ್ಲ. ನೀರು ಏರುವುದನ್ನು ಕಣ್ಣಾರೆ ಕಂಡ ಹುಡುಗರಿಗೆ ಈಗ ಎಂಬತ್ತರ ಸುಮಾರು ವಯಸ್ಸು.